ಹಿಂದಿನ ಗಾಲಿಗೂ ಶಾಕ್ ಬೇಕಾ?

ಪ್ರಶ್ನೆ: ನನಗೆ 34 ವರ್ಷ, ಊರು ಸಂಡೂರು. ಭಾನುವಾರ ಬೆಳಿಗ್ಗೆ ಸೈಕಲ್ಲಲ್ಲಿ ಕುಮಾರಸ್ವಾಮಿ ಗುಡಿ ಕಡೆ ಬೆಟ್ಟ ಹತ್ತುತ್ತೇನೆ. ಇಲ್ಲಾಂದ್ರೆ ನಾರಿಹಳ್ಳದ ಸುತ್ತ ಮಣ್ಣಿನ ದಾರಿ. ಆನೆಗೊಂದಿಗೆ ವರ್ಷಕ್ಕೆ ಎರಡು ಸಲ. ಕೈಯಲ್ಲಿ 60 ಸಾವಿರ ಇದೆ. ಹಾರ್ಡ್‌ಟೇಲ್ ಆರು ತಿಂಗಳಿಗೇ ಬೇಜಾರಾಗುತ್ತೆ, ಫುಲ್ ಸಸ್ಪೆನ್ಷನ್ ತಗೋ ಅಂತಾನೆ ಗೆಳೆಯ. ಅದೇ ರೇಟಿಗೆ ಒಂದು ಸೆಕೆಂಡ್ ಹ್ಯಾಂಡ್ ಇದೆ. ಏನು ಮಾಡಲಿ ಸರ್?

ಉತ್ತರ: ಹಾರ್ಡ್‌ಟೇಲ್ ತಗೊಳ್ಳಿ. ಅಂದ್ರೆ ಮುಂದಿನ ಗಾಲಿ ಹಿಡಿಯುವ ಫೋರ್ಕಿಗೆ ಮಾತ್ರ ಶಾಕ್ ಇರೋದು. ಫುಲ್ ಸಸ್ಪೆನ್ಷನ್ನಿಗೆ ಹಿಂದೆಯೂ ಇರುತ್ತೆ.

ನಿಮ್ಮ ಗೆಳೆಯರು ಸುಳ್ಳು ಹೇಳಿಲ್ಲ. ಹಿಂದಿನ ಶಾಕ್ ಇರುವುದು ಬರೀ ಸೊಂಟದ ಸುಖಕ್ಕಲ್ಲ, ಗಾಲಿ ನೆಲ ಬಿಡದಿರಲಿ ಅಂತ. ಕಲ್ಲು ಕಲ್ಲಾದ ಏರಿನಲ್ಲಿ ಹಾರ್ಡ್‌ಟೇಲಿನ ಹಿಂದಿನ ಗಾಲಿ ಪುಟಿದು ಸುಮ್ನೆ ಗಿರಗಿರ ತಿರುಗುತ್ತೆ. ಆನೆಗೊಂದಿ ಬಂಡೆಗಳ ಮೇಲೆ ಇದು ನಿಮಗೂ ಗೊತ್ತಾಗಿರುತ್ತೆ. ಆದರೆ ನೀವು ಅಲ್ಲಿಗೆ ಹೋಗುವುದು ವರ್ಷಕ್ಕೆ ಎರಡು ದಿನ. ಉಳಿದ ಐವತ್ತು ಭಾನುವಾರ ಏರು ತುಳಿಯುತ್ತೀರಿ, ಧೂಳು ಕುಡಿಯುತ್ತೀರಿ.

ಆ ಧೂಳಿನ ಕಥೆ ನನ್ನಿಂದ ಕೇಳಿ. 2017ರಲ್ಲಿ ನಾನೂ ಬಳ್ಳಾರಿಯಲ್ಲಿ ಕೂತು ಇಂಥದೇ ಸೆಕೆಂಡ್ ಹ್ಯಾಂಡ್ ಫುಲ್ ಸಸ್ಪೆನ್ಷನ್ ಕೊಂಡೆ. 'ಸರ್ವೀಸ್ ಎಲ್ಲಾ ಆಗಿದೆ' ಅಂದರು ಮಾರಿದವರು. ಮೂರನೇ ತಿಂಗಳಿಗೆ ಒಂದೊಂದು ತುಳಿತಕ್ಕೂ ಕಿರ್ ಕಿರ್ ಅನ್ನತೊಡಗಿತು. ಹಿಂದಿನ ಕೀಲುಗಳನ್ನು ಬಿಚ್ಚಿದರೆ ಬೇರಿಂಗ್ ಒಳಗೆ ಗ್ರೀಸೇ ಇಲ್ಲ, ಕುಂಕುಮ ಕಲಸಿಟ್ಟ ಹಾಗೆ ಕೆಂಪು ರಾಡಿ. ಅದಿರಿನ ಧೂಳು! ಅಷ್ಟರಲ್ಲಿ ಶಾಕಿನ ಸೀಲೂ ಹೋಗಿತ್ತು. ನಮ್ಮ ಮೇಸ್ತ್ರಿ ಮೋಟರ್‌ಸೈಕಲ್ ಶಾಕ್ ಬೇಕಾದರೆ ಬಿಚ್ಚುತ್ತಾನೆ, ಗಾಳಿ ತುಂಬಿದ ಇದನ್ನು ಮುಟ್ಟಲಿಲ್ಲ. ಬೆಂಗಳೂರಿಗೆ ಕೊರಿಯರ್ ಮಾಡಿ ಮೂರು ವಾರ ಸೈಕಲ್ ಇಲ್ಲದೆ ಕೂತೆ. ಇಂಥ ಶಾಕಿನ ಗಾಳಿ ಭಾಗವನ್ನು ಸುಮಾರು 50 ಗಂಟೆ ಸವಾರಿಗೊಮ್ಮೆ ಬಿಚ್ಚಿ ಒರೆಸಿ ಎಣ್ಣೆ ಹಾಕಬೇಕು. ವಾರಕ್ಕೆ ಮೂರು ಗಂಟೆ ಓಡಿಸಿದರೂ ನಾಲ್ಕು ತಿಂಗಳಿಗೊಮ್ಮೆ ಈ ಕೆಲಸ ಬಂತು ಅಂತಾಯ್ತು, ಅಲ್ವಾ?

ಹಾಗಾಗಿ ಆ 60 ಸಾವಿರವನ್ನು ಒಳ್ಳೆ ಏರ್ ಫೋರ್ಕ್ ಮತ್ತು ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರುವ ಹಾರ್ಡ್‌ಟೇಲಿಗೆ ಹಾಕಿ. ಫೋರ್ಕಿನ ಓಟ, ಅಂದ್ರೆ ಅದು ಕುಗ್ಗುವ ಅಳತೆ, 120 ಮಿಲಿಮೀಟರ್ ಇದ್ದರೆ ಸಾಕು. ಟೈರು ಮಾತ್ರ ಅಗಲ ಇರಲಿ, 2.4 ಇಂಚು. ನಿಮ್ಮ ಹಿಂದಿನ ಶಾಕ್ ಅದೇ. ನನ್ನ ತೂಕ 72 ಕೆಜಿ, ಟ್ಯೂಬ್‌ಲೆಸ್ ಹಾಕಿಕೊಂಡು ಗಾಳಿಯ ಒತ್ತಡ ಹಿಂದೆ 26 ಪಿಎಸ್ಐ, ಮುಂದೆ 22 ಇಡುತ್ತೇನೆ. ನಮ್ಮವರು ಪಂಪ್ ಸಿಕ್ಕಿತು ಅಂತ ಕಲ್ಲಿನ ಹಾಗೆ ಗಾಳಿ ತುಂಬಿ, ಆಮೇಲೆ ಹಾರ್ಡ್‌ಟೇಲ್ ಕುಲುಕುತ್ತೆ ಅಂತ ಬೈಯುತ್ತಾರೆ.

ಮನೆಗೆ ಬಂದ ಮೇಲೆ ಫೋರ್ಕಿನ ಹೊಳೆಯುವ ಕಾಲನ್ನು ನೋಡಿ. ಸೀಲಿನ ಅಂಚಿಗೆ ಉಂಗುರದ ಹಾಗೆ ಕೆಂಪು ಗೆರೆ ಕೂತಿರುತ್ತೆ. ಹಳೇ ಬನಿಯನ್ನಿನಿಂದ ಒರೆಸಿ. ಪೈಪ್ ಹಿಡಿದು ಜೋರಾಗಿ ನೀರು ಹೊಡೆದರೆ ಆ ಧೂಳು ಒಳಗೇ ಹೋಗುತ್ತೆ.

ಆನೆಗೊಂದಿಗೆ ತಿಂಗಳಿಗೆ ಎರಡು ಸಲ ಹೋಗುವವರಾಗಿದ್ದರೆ, ಇಲ್ಲವೇ ಬೆನ್ನಿನ ಡಿಸ್ಕ್ ತೊಂದರೆ ಇದ್ದಿದ್ದರೆ, ದುಡ್ಡು ಕೂಡಿಡಿ, ಲಕ್ಷ ದಾಟಲಿ, ಹೊಸದೇ ಫುಲ್ ಸಸ್ಪೆನ್ಷನ್ ತನ್ನಿ ಅನ್ನುತ್ತಿದ್ದೆ.

ಪ್ರಶ್ನೆ: ರಾಯಚೂರಿನ ಹತ್ತಿರ ಕಾಲುವೆ ದಂಡೆ ಮೇಲೆ ಸೈಕಲ್ ಓಡಿಸುತ್ತೇನೆ. ವಾರಕ್ಕೆ ಎರಡು ಪಂಕ್ಚರ್. ಫುಲ್ ಸಸ್ಪೆನ್ಷನ್ ತಗೊಂಡರೆ ಕಡಿಮೆ ಆಗುತ್ತಾ?

ಉತ್ತರ: ಮುಳ್ಳಿಗೆ ಶಾಕ್ ಎಲ್ಲಿದೆ ಅಂತ ಏನು ಗೊತ್ತು? ಆ ದಂಡೆ ತುಂಬ ಬಳ್ಳಾರಿ ಜಾಲಿ ಇರುತ್ತೆ. (ಹೆಸರು ನಮ್ಮೂರಿನದು, ಗಿಡ ಅಮೆರಿಕ ಖಂಡದ್ದು. ಬೈಯುವಾಗ ನೆನಪಿರಲಿ.) ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ತೂತು ಮುಚ್ಚುವ ದ್ರವ, ಸೀಲೆಂಟ್, ಹಾಕಿಸಿ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತೆ, ಎರಡು ತಿಂಗಳಿಗೊಮ್ಮೆ ನೋಡಿ ತುಂಬಿ. ಮಳೆ ಬಂದ ಮರುದಿನ ಎರೆ ಹೊಲದ ದಾರಿಗೆ ಮಾತ್ರ ಇಳಿಯಬೇಡಿ. ಮಣ್ಣು ಮೆತ್ತಿ ಗಾಲಿ ತಿರುಗಲ್ಲ, ಸೈಕಲ್ಲನ್ನು ನೀವೇ ಹೊತ್ತುಕೊಂಡು ಬರಬೇಕಾಗುತ್ತೆ.

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಗಂಗಾವತಿಯ ಅಂಗಡಿಯಲ್ಲಿ 10 ಸಾವಿರದ 'ಡಬಲ್ ಶಾಕ್' ಸೈಕಲ್ ನೋಡಿ ಹಟ ಹಿಡಿದಿದ್ದಾನೆ. ಕೊಡಿಸಲಾ?

ಉತ್ತರ: ಬೇಡಮ್ಮ. ಆ ಬೆಲೆಗೆ ಹಿಂದೆ ಇರುವುದು ಬರೀ ಒಂದು ಸ್ಪ್ರಿಂಗ್. ತುಳಿದಾಗಲೆಲ್ಲ ಕುಣಿಯುತ್ತೆ, ಹುಡುಗನ ಶಕ್ತಿ ಅದರಲ್ಲೇ ಹೋಗುತ್ತೆ. ತೂಕ ಬೇರೆ ಜಾಸ್ತಿ. ಅಂಗಡಿಯಲ್ಲಿ ಅದನ್ನೂ ಪಕ್ಕದ ಸಾದಾ ಸೈಕಲ್ಲನ್ನೂ ಅವನ ಕೈಯಲ್ಲೇ ಎತ್ತಿಸಿ ನೋಡಿ. ನನಗನ್ನಿಸುವ ಹಾಗೆ ಅವನ ಕಣ್ಣು ಬಿದ್ದಿರುವುದು ಆ ಸ್ಪ್ರಿಂಗಿನ ಬಣ್ಣದ ಮೇಲೆ. ಸಾದಾ ಸೈಕಲ್ ಅದೇ ಬಣ್ಣದಲ್ಲಿ ಇದೆಯಾ ಕೇಳಿ.