ಯೂನಿಯನ್ ಗಲಾಟೆ ಅಂತ ವಿದೇಶಿ ಕಂಪನಿಗಳು ಓಡಿಹೋಗುತ್ತವಾ?

ಸ್ಟ್ರೈಕು, ಯೂನಿಯನ್ನು ಜಾಸ್ತಿಯಾದರೆ ವಿದೇಶಿ ಕಂಪನಿಗಳು ಗಂಟುಮೂಟೆ ಕಟ್ಟುತ್ತವಾ, ಎಲ್ಲ ಉದ್ಯಮದಲ್ಲೂ ಹೀಗೇನಾ ಅಂತ ಕೇಳಿದ್ದೀರಿ. ನಾನು ಬಿಡದಿ ಕಡೆ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯವನು. ನನಗೆ ಕಂಡಷ್ಟು ಹೇಳುತ್ತೇನೆ.

ಟೊಯೋಟಾ ತಗೊಳ್ಳಿ. ಬಿಡದಿಯಲ್ಲಿ 2006, 2014, ಮತ್ತೆ 2020ರ ನವೆಂಬರ್‌ನಲ್ಲಿ ಲಾಕೌಟ್ ಆಯಿತು, ಅಂದರೆ ಕಂಪನಿಯೇ ಕಾರ್ಖಾನೆಗೆ ಬೀಗ ಹಾಕಿತು. ಕೊನೆಯ ಸಲದ ಜಗಳ ಕೆಲಸದ ಒತ್ತಡದ್ದು. 3 ನಿಮಿಷಕ್ಕೊಂದು ಕಾರು ಇಳಿಯುವ ಲೈನಿನಲ್ಲಿ ಎರಡೂವರೆ ನಿಮಿಷಕ್ಕೊಂದು ಇಳಿಸಿ ಅಂತಾರೆ ಅನ್ನೋದು ಯೂನಿಯನ್ ದೂರು. ಅಲ್ಲಿ ಲೈನು ನಿಂತರೆ ಬಿಡಿಭಾಗ ಪೂರೈಸುವ ನಮ್ಮಂಥ ವೆಂಡರ್‌ಗಳ ಪಾಡು ನೋಡಬೇಕು. ಮಾಲು ತುಂಬಿದ ಟ್ರಾಲಿಗಳು ಅಂಗಳದಲ್ಲೇ ಸಾಲುಗಟ್ಟುತ್ತವೆ. ನಾಳೆಯಿಂದ ಬರಬೇಡಿ ಅಂತ ಮೊದಲು ಹೇಳಿಸಿಕೊಳ್ಳೋರು ಕಾಂಟ್ರಾಕ್ಟ್ ಹುಡುಗರು.

ಆದರೂ ಟೊಯೋಟಾ ಕದಲಲಿಲ್ಲ. 2023ರಲ್ಲಿ ಅದೇ ಬಿಡದಿಯ ಮೂರನೇ ಘಟಕಕ್ಕೆ ಸುಮಾರು 3,300 ಕೋಟಿ ರೂಪಾಯಿ ಘೋಷಿಸಿತು. ಪ್ರೆಸ್ ಶಾಪು, ಪೇಂಟ್ ಶಾಪು, ಸುತ್ತಲಿನ ವೆಂಡರ್‌ಗಳು... ಇಷ್ಟೆಲ್ಲ ಕಿತ್ತುಕೊಂಡು ಎಲ್ಲಿಗೆ ಹೋಗೋದು? ಬೈದುಕೊಂಡಾದರೂ ಯೂನಿಯನ್ ಜೊತೆ ಕೂತು ಮಾತಾಡಲೇಬೇಕು.

ಮೊಬೈಲ್ ಜೋಡಣೆಯ ಕಥೆಯೇ ಬೇರೆ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಸಂಬಳದ ವಿಷಯಕ್ಕೆ ಕಾರ್ಮಿಕರು ಸಿಡಿದೆದ್ದು ಆಪಲ್‌ಗೆ ಐಫೋನ್ ಜೋಡಿಸಿಕೊಡುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯನ್ನು ಧ್ವಂಸ ಮಾಡಿದರು. ಗಮನಿಸಿ, ಅಲ್ಲಿ ಹೇಳಿಕೊಳ್ಳುವಂಥ ಯೂನಿಯನ್ನೇ ಇರಲಿಲ್ಲ. ಹೆಚ್ಚಿನವರು ಕಾಂಟ್ರಾಕ್ಟರ್‌ಗಳ ಕೈಕೆಳಗಿದ್ದವರು. ಸಂಬಳ ಕಡಿಮೆ ಬಂದರೆ ಯಾರನ್ನು ಕೇಳಬೇಕು? ಹಾಜರಾತಿ ಲೆಕ್ಕವೇ ಸರಿಯಿರಲಿಲ್ಲ, ಕೆಲವೇ ತಿಂಗಳಲ್ಲಿ ಜನರನ್ನು ಸಿಕ್ಕಾಪಟ್ಟೆ ತುಂಬಿಕೊಂಡಿದ್ದರು ಅಂತ ಕಾರ್ಖಾನೆಗಳ ಇಲಾಖೆಯೇ ವರದಿ ಕೊಟ್ಟಿತು. ಎಲ್ಲ ಸರಿಮಾಡುವ ತನಕ ಹೊಸ ಕೆಲಸ ಕೊಡೋದಿಲ್ಲ ಅಂತ ಆಪಲ್ ವಾರದೊಳಗೆ ಹೇಳಿತು. 2023ರಲ್ಲಿ ವಿಸ್ಟ್ರಾನ್ ಆ ಘಟಕವನ್ನು ಟಾಟಾಗೆ ಮಾರಿತು. ಆ ಗಲಾಟೆಯೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಈ ಧಂದೆಯಲ್ಲಿ ಲಾಭ ತೆಳು, ಗಿರಾಕಿ ಒಬ್ಬನೇ. ಅವನು ಮುನಿಸಿಕೊಂಡರೆ ಕಾರ್ಖಾನೆ ಇಟ್ಟುಕೊಂಡು ಏನು ಮಾಡೋದು?

ಐಟಿಯಲ್ಲಿ ಈ ಪ್ರಶ್ನೆ ಅಷ್ಟಾಗಿ ಬರೋದೇ ಇಲ್ಲ. ಅಲ್ಲಿನವರಿಗೆ ಜಗಳವಾದರೆ ಕೆಲಸ ಬಿಟ್ಟು ಬೇರೆ ಕಡೆ ಸೇರೋದು ರೂಢಿ.

ಹಾಗಾಗಿ ಸ್ಟ್ರೈಕ್ ಎಷ್ಟಾಯಿತು ಅಂತ ಸುಮ್ನೆ ಎಣಿಸಿದರೆ ಏನೂ ತಿಳಿಯಲ್ಲ. ಮಾತಾಡೋಕೆ ಆಚೆ ಕಡೆ ಯಾರಾದರೂ ಇದ್ದಾರಾ ಅನ್ನೋದು ಮುಖ್ಯ. ನಮ್ಮ ರಾಜ್ಯ ಸರ್ಕಾರ ಮಾತ್ರ ಹೂಡಿಕೆ ತರೋಕೆ ಅಂತ 2023ರಲ್ಲಿ ಕಾನೂನು ತಿದ್ದಿ 12 ಗಂಟೆ ಪಾಳಿಗೆ ದಾರಿ ಮಾಡಿತು. ಗಲಾಟೆಗೆ ಮುಂಚೆ ನರಸಾಪುರದಲ್ಲಿ ನಡೆಯುತ್ತಿದ್ದದ್ದೂ 12 ಗಂಟೆ ಪಾಳಿಯೇ ಅಲ್ವಾ?