ಹೊಸಬರಿಗೆ ಯಾವ ಲಿನಕ್ಸ್ ಎಂದು ಕೇಳುವ ಮೊದಲು ನಿಮ್ಮ ಕನ್ನಡ ಕಡತಗಳನ್ನು ನೋಡಿ

ವಿಂಡೋಸ್ 10ಕ್ಕೆ ಬೆಂಬಲ ನಿಂತಿರುವುದರಿಂದ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸಿನ ಬದಲಿಗೆ ಹಾಕಬಹುದಾದ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಯ ರೂಪಗಳಾದ ಉಬುಂಟು, ಮಿಂಟ್, ಜೋರಿನ್ ಈ ಮೂರರಲ್ಲಿ ಯಾವುದು ಸೂಕ್ತ ಎಂದು ಕೇಳಿದ್ದೀರಿ. ಹದಿನೈದು ವರ್ಷಗಳ ಕನ್ನಡ ಬರವಣಿಗೆಯೂ ಅದರಲ್ಲಿದೆ ಎಂಬುದನ್ನು ಕೊನೆಯ ಸಾಲಿನಲ್ಲಿ ಸೇರಿಸಿದ್ದೀರಿ. ನನ್ನ ಕಣ್ಣು ನಿಂತದ್ದು ಆ ಕೊನೆಯ ಸಾಲಿನ ಮೇಲೆ.

2017ರಲ್ಲಿ ನಾನೂ ಇದೇ ಮೂರನ್ನು ತಿಂಗಳುಗಟ್ಟಲೆ ತೂಗಿ ನೋಡಿ, ಕೊನೆಗೆ ಮಿಂಟ್ 18 ಅನ್ನು ಆರಿಸಿಕೊಂಡೆ. ತಂದೆಯವರು ನಿವೃತ್ತ ವಿಜ್ಞಾನ ಶಿಕ್ಷಕರು. ಮಲೆನಾಡಿನ ಔಷಧೀಯ ಸಸ್ಯಗಳ ಬಗ್ಗೆ ಅವರು ಬರೆದಿಟ್ಟ ನಲವತ್ತಮೂರು ಕಡತಗಳು ಆ ಕಂಪ್ಯೂಟರಿನಲ್ಲಿದ್ದವು. ಅವನ್ನು ಪೆನ್‌ಡ್ರೈವಿಗೆ ನಕಲಿಸಿಕೊಂಡು, ಡಿಸ್ಕನ್ನು ಪೂರ್ತಿ ಅಳಿಸಿ, ಮಿಂಟ್ ಸ್ಥಾಪಿಸಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ವೈಫೈ, ಪ್ರಿಂಟರ್ ಎರಡೂ ತಕರಾರಿಲ್ಲದೆ ಕೆಲಸ ಮಾಡಿದವು. ಆದರೆ ವರ್ಡ್‌ನಂಥ ಉಚಿತ ತಂತ್ರಾಂಶವಾದ ಲಿಬ್ರೆಆಫೀಸಿನಲ್ಲಿ ಮೊದಲ ಕಡತ ತೆರೆದಾಗ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ‘ಕ’ ಇರಬೇಕಾದ ಕಡೆಯಲ್ಲೆಲ್ಲ ಇಂಗ್ಲಿಷಿನ ‘ಪಿ’, ಅದರ ಪಕ್ಕದಲ್ಲಿ ನೆತ್ತಿಯ ಮೇಲೆ ಓರೆಗೆರೆ ಹೊತ್ತ ‘ಎ’.

ಇದರ ಕಾರಣ ಆಗ ನನಗೆ ತಿಳಿದಿರಲಿಲ್ಲ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮುನ್ನಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಡತದೊಳಗೆ ಇರುವುದು ಲ್ಯಾಟಿನ್ ಸಂಕೇತವೇ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಹೊಸ ವ್ಯವಸ್ಥೆಯಲ್ಲಿ ಆ ಫಾಂಟು ಇಲ್ಲದಿದ್ದರೆ ವೇಷ ಕಳಚುತ್ತದೆ, ಅಷ್ಟೇ. ಆ ಫಾಂಟಿನ ಕಡತವನ್ನು ತಂದು ಲಿನಕ್ಸಿನಲ್ಲಿ ಹಾಕಿದ್ದರೆ ಎರಡು ನಿಮಿಷದಲ್ಲಿ ಎಲ್ಲವೂ ಮೊದಲಿನಂತೆ ಕಾಣುತ್ತಿತ್ತು.

ನಾನು ಮಾಡಿದ್ದು ಬೇರೆಯೇ. ಕಡತಗಳು ಕೆಟ್ಟಿವೆ ಎಂದು ಗಾಬರಿಯಾಗಿ, ಸಾದಾ ಪಠ್ಯವಾಗಿ ಉಳಿಸಿದರೆ ಎಲ್ಲಿ ಬೇಕಾದರೂ ತೆರೆಯಬಹುದು ಎಂದು ಎಲ್ಲೋ ಓದಿದ್ದನ್ನು ನಂಬಿ, ನಲವತ್ತಮೂರನ್ನೂ ಹಾಗೆಯೇ ಉಳಿಸಿದೆ. ಕೆಲವು ವಿನ್ಯಾಸ ಮಾಹಿತಿ ಉಳಿಯದೇ ಹೋಗಬಹುದು ಎಂದು ಲಿಬ್ರೆಆಫೀಸ್ ಪ್ರತಿ ಸಲವೂ ಎಚ್ಚರಿಸಿತು. ವಿನ್ಯಾಸ ಹೋದರೆ ಹೋಗಲಿ, ಅಕ್ಷರ ಉಳಿದರೆ ಸಾಕು ಎಂದುಕೊಂಡು ಪ್ರತಿ ಸಲವೂ ಒಪ್ಪಿಕೊಂಡೆ. ಆಮೇಲೆ ಪೆನ್‌ಡ್ರೈವಿನಲ್ಲಿದ್ದ ಮೂಲ ಪ್ರತಿಗಳನ್ನೂ ಅಳಿಸಿದೆ.

ಹೋದದ್ದು ಅಂದಚಂದವಲ್ಲ. ಯಾವ ಪದ ನುಡಿ ಫಾಂಟಿನಲ್ಲಿತ್ತು, ಯಾವುದು ನಿಜವಾದ ಇಂಗ್ಲಿಷ್ ಎಂಬುದರ ಏಕೈಕ ಗುರುತು ಆ ವಿನ್ಯಾಸ ಮಾಹಿತಿಯೇ ಆಗಿತ್ತು. ತಂದೆಯವರು ಪ್ರತಿ ಸಸ್ಯದ ಮುಂದೆಯೂ ಅದರ ಸಸ್ಯಶಾಸ್ತ್ರೀಯ ಹೆಸರನ್ನು ಲ್ಯಾಟಿನ್ ಲಿಪಿಯಲ್ಲಿ ಬರೆದಿದ್ದರು: ಒಂದೆಲಗಕ್ಕೆ ಸೆಂಟೆಲ್ಲಾ ಏಷಿಯಾಟಿಕಾ, ಅಮೃತಬಳ್ಳಿಗೆ ಟೈನೋಸ್ಪೋರಾ ಕಾರ್ಡಿಫೋಲಿಯಾ. ಪಠ್ಯವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟಾಗ ಕನ್ನಡವೇನೋ ಸರಿಯಾಗಿಯೇ ಬಂತು, ಆದರೆ ಈ ಹೆಸರುಗಳೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ವಾಕ್ಯಗಳೊಳಗೆ ಬೆರೆತುಹೋದವು. ಅವನ್ನು ಒಂದೊಂದಾಗಿ ಹೆಕ್ಕಿ ತೆಗೆಯಲು ತಂದೆಯವರಿಗೂ ನನಗೂ ಹನ್ನೊಂದು ವಾರ ಬೇಕಾಯಿತು. ಅವರು ಒಮ್ಮೆಯೂ ಗದರಲಿಲ್ಲ, ಗದರಿದ್ದರೆ ವಾಸಿಯಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಿಂಟ್ ಮತ್ತು ಜೋರಿನ್ ಎರಡೂ ಉಬುಂಟುವಿನ ಮೇಲೆಯೇ ಕಟ್ಟಿದವು. ಹೊಸಬರಿಗೆ ಕಾಣುವ ವ್ಯತ್ಯಾಸ ಹೆಚ್ಚಾಗಿ ಮೇಲ್ಮೈಯದು. ನನ್ನನ್ನೇ ಕೇಳಿದರೆ ಮಿಂಟ್ ಎನ್ನುತ್ತೇನೆ, ಏಕೆಂದರೆ ಅದರ ಸಿನಮನ್ ಡೆಸ್ಕ್‌ಟಾಪಿನಲ್ಲಿ ಮೆನು ನಿಮ್ಮ ಕೈ ರೂಢಿಯಲ್ಲಿರುವ ಎಡ ಮೂಲೆಯಲ್ಲೇ ಇದೆ, ಮತ್ತು 22ನೆಯ ಆವೃತ್ತಿಗೆ 2029ರವರೆಗೆ ಬೆಂಬಲವಿದೆ. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ ಮಿಂಟಿನದೇ ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿನ ಆವೃತ್ತಿ ಹಗುರ. ಹೊಸದಾಗಿ ಬರೆಯುವುದಕ್ಕೂ ತೊಂದರೆಯಿಲ್ಲ. ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ಬೇರೆ ಭಾಷೆಗಳನ್ನು ಟೈಪಿಸಲು ಬಳಸುವ ಐಬಸ್‌ನಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ.

ಆದರೆ ಇವತ್ತು ವಿಂಡೋಸಿನಲ್ಲೇ ಒಂದು ಹಳೆಯ ಕಡತ ತೆರೆದು, ಅದರ ನಕಲಿನಲ್ಲಿ ಒಂದು ಪ್ಯಾರಾದ ಫಾಂಟನ್ನು ವಿಂಡೋಸ್ 10ರ ಜೊತೆಗೇ ಬರುವ ಯುನಿಕೋಡ್ ಫಾಂಟಾದ ನಿರ್ಮಲಾ ಯುಐಗೆ ಬದಲಿಸಿ ನೋಡಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್, ನಿಶ್ಚಿಂತೆಯಿಂದ ಮುಂದುವರಿಯಿರಿ. ಲ್ಯಾಟಿನ್ ಅಕ್ಷರಗಳಾಗಿ ಒಡೆದರೆ, ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಆ ಹಳೆಯ ಫಾಂಟುಗಳನ್ನೂ ಕಡತಗಳ ಜೊತೆಗೆ ನಕಲಿಸಿಕೊಳ್ಳಿ, ಇಂಗ್ಲಿಷ್ ಬೆರೆತ ಕಡತಗಳಲ್ಲಿ ಕನ್ನಡದ ಭಾಗವನ್ನಷ್ಟೇ ಆಯ್ದು ಪರಿವರ್ತಿಸಿ, ಮೂಲ ಪ್ರತಿಯನ್ನು ಮಾತ್ರ ಮುಟ್ಟಬೇಡಿ. ಅಷ್ಟರವರೆಗೆ ಮಿಂಟನ್ನು ಪೆನ್‌ಡ್ರೈವಿನಿಂದಲೇ ಚಲಾಯಿಸಿ ನೋಡಬಹುದು. ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ.