ಅಂಚು ಸೊಟ್ಟಗಿದ್ದ ನೆವ್ರಿ

ಮಂಗಳೂರಿನ ಕಥೋಲಿಕ ಕುಟುಂಬದ ಮಹಿಳೆ, ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬಂದದ್ದು ತನಗಾಗಿ ಅಲ್ಲ, ಮಗಳಿಗಾಗಿ. ಮೂರನೇ ಕ್ಲಾಸಿನ ಹುಡುಗಿ ಬರೆದದ್ದನ್ನು ಉಜ್ಜಿ ಉಜ್ಜಿ ನೋಟ್‌ಬುಕ್ಕಿನ ಹಾಳೆಯೇ ತೂತಾಗುತ್ತಿತ್ತು. “ಇವಳಿಗೆ ಏನಾಗಿದೆ ಡಾಕ್ಟ್ರೇ?” ನಾನು ಡಾಕ್ಟರ್ ಅಲ್ಲ, ಆಪ್ತಸಲಹೆಗಾರ ಅಂದೆ. ಕೊನೆಯವರೆಗೂ ಡಾಕ್ಟ್ರೇ ಅಂತಲೇ ಕರೆದರು.

ಎರಡನೇ ಭೇಟಿಯಲ್ಲಿ ಮಾತು ನೆವ್ರಿಗೆ, ಅಂದರೆ ಕರ್ಜಿಕಾಯಿಯಂಥ ಸಿಹಿತಿಂಡಿಗೆ, ಬಂತು. ಹಿಂದಿನ ಕ್ರಿಸ್‌ಮಸ್‌ಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಮಾಡುವಾಗ ಮಗಳೂ ಕೂತು ನೆವ್ರಿ ಮಡಿಸಿದ್ದಳು. ಅಂಚೆಲ್ಲ ಸೊಟ್ಟ. ಮಗು ಮಲಗಿದ ಮೇಲೆ ಅಮ್ಮ ಅಷ್ಟನ್ನೂ ಬಿಚ್ಚಿ, ಮತ್ತೆ ಲಟ್ಟಿಸಿ ಮಡಿಸಿ, ರಾತ್ರಿ ಎರಡರವರೆಗೆ ಕರಿದರಂತೆ. ನೆರೆಮನೆಗೆ ಹೋಗುವ ತಟ್ಟೆ ಅಲ್ವಾ! ಬೆಳಿಗ್ಗೆ ಮಗು ಡಬ್ಬಿ ಇಣುಕಿತು. ತನ್ನದು ಒಂದೂ ಇಲ್ಲ. ಏನೂ ಹೇಳಲಿಲ್ಲ. ಇದನ್ನು ಹೇಳುತ್ತಾ ಆಕೆ ಅತ್ತರು.

ಚರ್ಚಿನಲ್ಲೂ ಆಕೆಗೆ ಇದೇ ಕಾಟ. ಕುಮ್ಸಾರ್, ಅಂದರೆ ಗುರುಗಳ ಮುಂದೆ ಪಾಪನಿವೇದನೆ, ಮುಗಿಸಿ ಮೆಟ್ಟಿಲಿಳಿಯುವಾಗಲೇ ಏನೋ ಬಿಟ್ಟುಹೋಯಿತೆಂಬ ಅಳುಕು. ಮುಂದಿನ ವಾರ ಅದೇ ತಪ್ಪು ಮತ್ತೆ ಹೇಳುವುದು. ಯಾಕೆ ಎಂದು ಕೇಳಿದರೆ ಬೈಬಲ್ಲಿನ ಮತ್ತಾಯನ ಶುಭಸಂದೇಶ 5:48 ಮುಂದಿಟ್ಟರು: ಸ್ವರ್ಗದ ತಂದೆಯಂತೆ ನೀವೂ ಪರಿಪೂರ್ಣರಾಗಿರಿ.

ನಾನು ಕ್ರೈಸ್ತನಲ್ಲ. ಬೇರೆಯವರ ನಂಬಿಕೆಗೆ ಕೈಹಾಕುವುದು ನನ್ನ ಕೆಲಸವೂ ಅಲ್ಲ. ಆದರೆ ಮೂರು ವಾಕ್ಯ ಮೇಲಿನಿಂದ ಓದಿ ಎನ್ನಬಹುದಲ್ಲ? ಓದಿದರು. ಕೆಟ್ಟವರಿಗೂ ಒಳ್ಳೆಯವರಿಗೂ ಅದೇ ಬಿಸಿಲು, ಅದೇ ಮಳೆ. ಅಲ್ಲಿನ ಮಾತೆಲ್ಲ ವೈರಿಯನ್ನೂ ಪ್ರೀತಿಸುವುದರ ಬಗ್ಗೆ. ಕೆಲಸದಲ್ಲಿ ಕುಂದಿರಬಾರದು ಅಂತ ಅಲ್ಲಿಲ್ಲ. ಆಕೆ ತುಂಬಾ ಹೊತ್ತು ಪುಟವನ್ನೇ ನೋಡುತ್ತಿದ್ದರು. “ನಾನು ಮಗಳಿಗೆ ಬಿಸಿಲೇ ಬೀಳಲು ಬಿಡಲಿಲ್ಲ.”

ಉಳಿದದ್ದನ್ನು, ಆಕೆಯ ಒಪ್ಪಿಗೆ ಪಡೆದು, ಅವರ ಚರ್ಚಿನ ಫಾದರ್‌ಗೆ ಬಿಟ್ಟೆ. ಅವರು ಸಂತ ಇಗ್ನೇಷಿಯಸ್‌ರ ಕತೆ ಹೇಳಿದರಂತೆ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಆ ಸಂತರಿಗೂ ಇದೇ ಗೋಳು, ಹೇಳಿ ಮುಗಿದ ಪಾಪಗಳನ್ನೇ ಮತ್ತೆ ಮತ್ತೆ ಹೇಳುವುದು. ಕ್ಷಮೆ ಸಿಕ್ಕಿದ್ದನ್ನು ಮತ್ತೆ ತರಬೇಡಿ, ತಿಂಗಳಿಗೊಮ್ಮೆ ಬಂದರೆ ಸಾಕು ಎಂದು ಫಾದರ್ ಖಡಾಖಂಡಿತವಾಗಿ ಹೇಳಿದರು. ಇದೇ ಮಾತು ನಾನು ಹತ್ತು ಸಲ ಹೇಳಿದ್ದರೂ ನಾಟುತ್ತಿರಲಿಲ್ಲ.

ನನ್ನ ಸಲಹೆ ಅಡುಗೆಮನೆಯದು. ವಾರಕ್ಕೊಂದು ಸಣ್ಣ ತಪ್ಪನ್ನು ಬೇಕಂತಲೇ ಹಾಗೇ ಬಿಡಿ. ಏನಾದೀತು ಎಂಬ ಹೆದರಿಕೆಯನ್ನು ಮೊದಲೇ ಬರೆದಿಡಿ, ಆದದ್ದನ್ನು ಆಮೇಲೆ ಪಕ್ಕದಲ್ಲಿ ಬರೆಯಿರಿ. ನಿಮ್ಮ ತಪ್ಪನ್ನು ಮಗಳ ಮುಂದೆ ನಗುತ್ತಾ ಹೇಳಿ. “ಸರಿಯಾಗಿದೆಯಾ?” ಎಂದು ಎರಡನೇ ಸಲ ಯಾರನ್ನೂ ಕೇಳಬೇಡಿ. ಆ ಸಮಾಧಾನ ಅರ್ಧ ಗಂಟೆಯೂ ಉಳಿಯುವುದಿಲ್ಲ. ದಿನವೆಲ್ಲ ಅಳುಕೇ ತಿಂದರೆ ಅದು ಗೀಳು ಕಾಯಿಲೆಯೂ ಇರಬಹುದು, ಮನೋವೈದ್ಯರನ್ನು ಕಾಣಬೇಕು ಎಂದೂ ಹೇಳಿದ್ದೆ. ಅಲ್ಲಿಯವರೆಗೆ ಹೋಗಲಿಲ್ಲ.

ಈ ಡಿಸೆಂಬರ್‌ನಲ್ಲಿ ಡಬ್ಬಿ ತಂದರು. ಎಲ್ಲಕ್ಕಿಂತ ಮೇಲೆ ಮಗಳ ನೆವ್ರಿ. ಒಂದು ಬಾಯಿಬಿಟ್ಟು ಎಳ್ಳು, ಕಾಯಿತುರಿ ಎಲ್ಲ ಹೊರಗೆ. “ಸರಿಯಾಗಿದೆಯಾ ಡಾಕ್ಟ್ರೇ?” ಚೆನ್ನಾಗಿದೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, “ನಿಜವಾಗ್ಲೂ?”

ಉತ್ತರ ಕೊಡದೆ ಇನ್ನೊಂದಕ್ಕೆ ಕೈಹಾಕಿದೆ.